ಬಚ್ಚಲ ಕಟ್ಟು ಬಿಡಿಸುವ ಕೈ ಯಾರದು?

ಬಚ್ಚಲಲ್ಲಿ ನೀರು ನಿಂತರೆ ಮನೆಯೊಳಗಿಂದ ಮೊದಲು ಹೊರಡುವ ಮಾತು ಯಾವುದು ಗೊತ್ತಾ? "ಎಂತ ಆಗಿದೆ ನೋಡು" ಅಂತ ಅಲ್ಲ. "ಯಾರನ್ನಾದ್ರೂ ಕರೀರಿ" ಅಂತ. ಈ 'ಯಾರಾದ್ರೂ' ಅನ್ನುವವನನ್ನು ಸ್ವಲ್ಪ ತಡೆದು ನಿಲ್ಲಿಸಿ ಮುಖ ನೋಡಬೇಕು. ಫ್ಯಾನು ನಿಂತರೆ ಬರುವವನ ಜಾತಿ ಯಾರಿಗೂ ಬೇಕಾಗಿಲ್ಲ. ಟಿ.ವಿ. ಕೆಟ್ಟರೆ ಬರುವವನಿಗೆ ಕುರ್ಚಿ ಹಾಕಿ ಚಾ ಕೊಡ್ತಾರೆ. ಬಚ್ಚಲು ಕಟ್ಟಿದರೆ ಮಾತ್ರ ಆ 'ಯಾರಾದ್ರೂ' ಯಾವ ಗುಡ್ಡೆಯಿಂದ, ಯಾವ ಕಾಲೊನಿಯಿಂದ ಬರಬೇಕು ಅನ್ನುವುದು ಬಂಟ್ವಾಳ ಪೇಟೆಯ ಎರಡಂತಸ್ತಿನ ಮನೆಗೂ ಗೊತ್ತು, ಬೆಳ್ತಂಗಡಿಯ ತೋಟದ ಮನೆಗೂ ಗೊತ್ತು, ಮೂಡುಬಿದಿರೆಯಲ್ಲಿ ಕಾಲೇಜು ಹುಡುಗರಿಗೆ ರೂಮು ಬಾಡಿಗೆ ಕೊಟ್ಟು ಬದುಕುವ ಯಜಮಾನನಿಗೂ ಗೊತ್ತು. ಅವನಿಗೆ ಹಿಂದಿನ ಬಾಗಿಲು. ಕೆಲಸ ಮುಗಿದ ಮೇಲೆ ದುಡ್ಡು ಮೇಲಿನಿಂದ ಬೀಳುತ್ತದೆ, ಕೈಗೆ ಕೈ ತಾಗದ ಹಾಗೆ.

ಹಾಗಾದರೆ ಆ ಕಟ್ಟಿನೊಳಗೆ ಇರುವುದಾದರೂ ಏನು? ಭೂತವೋ? ವಿಷವೋ? ಅದೇ ಮನೆಯವರ ತಲೆಕೂದಲು ಮಾರಾಯರೆ. ಒಂದು ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಅದಕ್ಕೆ ಮೆತ್ತಿದ ತೆಂಗಿನೆಣ್ಣೆ, ಸೋಪಿನ ಲೋಳೆ, ಮೈಯ ಮಣ್ಣು. ಹಾಸ್ಟೆಲ್ಲಾದರೆ ಇನ್ನೂ ಒಂದು ಸಾಮಾನು: ಶಾಂಪೂ ಪ್ಯಾಕೇಟಿನ ಹರಿದ ಮೂಲೆ. ಹಲ್ಲಲ್ಲಿ ಕಚ್ಚಿ ಹರಿದು ತುಪ್ಪಿದ ಆ ಚೂರು ಜಾಲಿಯೊಳಗೆ ಇಳಿದು ಅಡ್ಡ ನಿಲ್ಲುತ್ತದೆ. ಅದಕ್ಕೆ ಕೂದಲು ಸುತ್ತಿಕೊಳ್ಳುತ್ತದೆ. ಕೂದಲು ಬೇಗ ಕೊಳೆಯುವ ವಸ್ತುವಲ್ಲ. ಅದಕ್ಕೆ ಎಣ್ಣೆ ಅಂಟುತ್ತದೆ, ಎಣ್ಣೆಗೆ ಸೋಪು ಅಂಟುತ್ತದೆ. ಒಂದು ತಿಂಗಳಲ್ಲಿ ಇಲಿಮರಿಯಷ್ಟು ಗಾತ್ರದ ಕರಿ ಮುದ್ದೆ ತಯಾರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಬುಡದ ಬೆಳ್ತಂಗಡಿ ಕಡೆ ಡಿಸೆಂಬರ್ ಬೆಳಿಗ್ಗೆ ಎಣ್ಣೆ ಬಾಟ್ಲಿಯೊಳಗೆ ಕಲ್ಲಾಗುವುದನ್ನು ನೋಡಿದ್ದೀರಲ್ಲ, ಪೈಪಿನೊಳಗೂ ಆಗುವುದು ಅದೇ. ಅಲ್ಲಿ ಚಳಿಗಾಲದಲ್ಲಿ ಬಚ್ಚಲು ಹೆಚ್ಚು ಸತಾಯಿಸುವುದು ಇದರಿಂದ.

ಇದರಲ್ಲಿ ಮಲ ಇಲ್ಲ, ಹೆಣ ಇಲ್ಲ. ನಿನ್ನೆಯವರೆಗೆ ಅದೇ ಕೂದಲನ್ನು ಬಾಚಣಿಗೆಯಲ್ಲಿ ಬಾಚಿ ಕನ್ನಡಿ ನೋಡಿಕೊಂಡವರು ಇಂದು ಅದು ಜಾಲಿಯ ಕೆಳಗೆ ನಾಲ್ಕು ಬೆರಳು ಇಳಿದ ತಕ್ಷಣ ಮೂಗು ಮುಚ್ಚುತ್ತಾರೆ. ನಾಲ್ಕು ಬೆರಳಿನ ಆಳದಲ್ಲಿ ಕೂದಲಿಗೆ ಜಾತಿ ಹುಟ್ಟಿತು! ನಮ್ಮ ದೇಶದ ದೊಡ್ಡ ದೊಡ್ಡ ಶಾಸ್ತ್ರಗಳೆಲ್ಲ ಈ ನಾಲ್ಕು ಬೆರಳಿನೊಳಗೇ ಇವೆ.

ಈ ಕಡೆಯ ಹಳೆ ಮನೆಗಳ ಕತೆ ಕೇಳಿ. ಗುತ್ತಿನ ಮನೆ, ಬೀಡಿನ ಮನೆ, ದೊಡ್ಡ ಒಕ್ಕಲ ಮನೆ ಯಾವುದೇ ಇರಲಿ, ಬಚ್ಚಲು ಮನೆಯ ಹಿಂದೆ. ಹಂಡೆ, ಒಲೆ, ಕಲ್ಲು ಚಪ್ಪಡಿ. ನೀರು ಬಯಲು ಕಣಿಯಲ್ಲಿ ಹರಿದು ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಸೇರುತ್ತಿತ್ತು. ಲೆಕ್ಕಕ್ಕೆ ಅದು ಒಳ್ಳೆ ವ್ಯವಸ್ಥೆಯೇ: ಪೈಪಿಲ್ಲ, ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ, ನೀರೂ ಹಾಳಾಗುವುದಿಲ್ಲ. ಆದರೆ ಕಣಿಯಲ್ಲಿ ಕೂತ ಕಪ್ಪು ಕೆಸರನ್ನು ತಿಂಗಳಿಗೊಮ್ಮೆ ಎತ್ತಿ ಹಾಕುತ್ತಿದ್ದವರು ಯಾರು? ನಿಮ್ಮ ಅಜ್ಜಂದಿರು ಬದುಕಿದ್ದರೆ ಕೇಳಿ. ಧಣಿ ಎತ್ತಿದ್ದನಾ? ಧಣಿಯ ಮಗ ಎತ್ತಿದ್ದನಾ? ಅಂಗಳದ ಹೊರಗೆ ನಿಂತು ಚಿಪ್ಪಿನಲ್ಲಿ ಗಂಜಿ ಕುಡಿದವರ ಕೈಯೇ ಬೇಕಾಗಿತ್ತು. ಇದೇ ಜಿಲ್ಲೆಯಲ್ಲಿ ಕೊರಗರಿಗೆ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ಕಾನೂನೇ ಮಾಡಬೇಕಾಯಿತು. ಮೇಲಿನವರ ಕೂದಲು ನಮ್ಮ ಆದಿವಾಸಿ ಬಂಧುಗಳ ಹೊಟ್ಟೆಗೆ ಹೋಗಬಹುದಿತ್ತು, ಅವರ ಬಚ್ಚಲ ಕೂದಲು ಅವರ ಕೈಗೆ ಮಾತ್ರ ಬರಬಾರದು. ಹೇಗುಂಟು ನ್ಯಾಯ?

ಈಗ ಕಣಿ ಹೋಗಿ ಪಿ.ವಿ.ಸಿ. ಪೈಪು ಬಂದಿದೆ. ಕಲ್ಲು ಚಪ್ಪಡಿ ಹೋಗಿ ಟೈಲ್ಸು ಬಂದಿದೆ. ಮನೆಗೆ ಇಂಜಿನಿಯರು, ಪ್ಲಾನು, ವಾಸ್ತು ಎಲ್ಲ ಬಂತು. ಕೈ ಮಾತ್ರ ಅದೇ ಹಳೆ ಕೈ.

ಆದ್ದರಿಂದ ಗೆಳೆಯರೇ, ಈ ಕೆಲಸ ಎಷ್ಟು ಸಣ್ಣದು ಅನ್ನುವುದನ್ನು ನಾವು ಬಿಡಿಸಿ ಹೇಳಬೇಕು. ಗುಟ್ಟು ಬಯಲಾದರೆ "ಅದು ಅವರಿಗೇ ಗೊತ್ತಿರುವ ಕೆಲಸ" ಅನ್ನುವ ಸುಳ್ಳು ನಿಲ್ಲುವುದಿಲ್ಲ.

ಬಚ್ಚಲ ನೆಲದ ಜಾಲಿ ಎತ್ತಿದರೆ ಕೆಳಗೆ ಒಂದು ಬಟ್ಟಲು ಇರುತ್ತದೆ. ಮೇಸ್ತ್ರಿಗಳು ನಹಾನಿ ಟ್ರ್ಯಾಪ್ ಅಂತಾರೆ. ಹೊರಗಿನ ಗುಂಡಿಯ ನಾತ ಒಳಗೆ ಬರದಂತೆ ಎರಡು ಇಂಚು, ಅಂದರೆ ಸುಮಾರು 50 ಮಿಲ್ಲಿಮೀಟರ್ ನೀರು ಅದರಲ್ಲಿ ಯಾವಾಗಲೂ ನಿಂತಿರಬೇಕು. ನೀರೇ ಬಾಗಿಲು. ವಾಷ್ ಬೇಸಿನ್ ಕೆಳಗೆ ಪೈಪು ಸೊಂಡಿಲಿನ ಹಾಗೆ ಬಗ್ಗಿರುವುದೂ ಇದಕ್ಕೇ. ಈ ಬಗ್ಗಿದ ಪೈಪಿಗೆ 1775ರಲ್ಲಿ ಪೇಟೆಂಟ್ ತೆಗೆದವನು ಅಲೆಕ್ಸಾಂಡರ್ ಕಮಿಂಗ್ ಅಂತ ಸ್ಕಾಟ್ಲೆಂಡಿನವನು. ಕಸುಬಿನಲ್ಲಿ ಗಡಿಯಾರ ಮಾಡುವವ! ಗಡಿಯಾರದ ಮುಳ್ಳು ಹಿಡಿಯುವ ಕೈಯಲ್ಲಿ ಅವನು ಕಕ್ಕಸಿನ ಪೈಪಿನ ಬಗ್ಗೆ ತಲೆ ಕೆಡಿಸಿಕೊಂಡ. ನಮ್ಮಲ್ಲಿ ಹುಟ್ಟಿದ್ದರೆ ಅವನಿಗೆ ಎಷ್ಟು ಸಲ ಸ್ನಾನ ಮಾಡಿಸುತ್ತಿದ್ದರೋ. ಏಪ್ರಿಲ್ ಮೇ ರಜೆಯಲ್ಲಿ ಹಾಸ್ಟೆಲ್ ಮುಚ್ಚಿ ಜೂನಿನಲ್ಲಿ ತೆರೆದಾಗ ಬಚ್ಚಲು ನಾರುತ್ತದಲ್ಲ, ಆಗ ಕಟ್ಟಿಕೊಂಡದ್ದು ಏನೂ ಇಲ್ಲ. ಬಾಗಿಲ ನೀರು ಒಣಗಿರುತ್ತದೆ. ಒಂದು ಚೊಂಬು ನೀರು ಸುರಿದರೆ ಮುಗಿಯಿತು. ಅದಕ್ಕೂ "ಯಾರನ್ನಾದ್ರೂ" ಕರೆಸುವ ಮಹಾನುಭಾವರು ಇದ್ದಾರೆ.

ನೀರು ನಿಂತಾಗ ಮೊದಲು ಪತ್ತೆ ಮಾಡಬೇಕಾದ್ದು ಕಟ್ಟು ಎಲ್ಲಿ ಅಂತ. ಒಂದೇ ಬಚ್ಚಲಲ್ಲಿ ನಿಂತು ಉಳಿದ ಕಡೆ ಹೋಗುತ್ತಿದ್ದರೆ ಕಟ್ಟು ಅದರ ಬಟ್ಟಲಲ್ಲೇ ಉಂಟು. ಎಲ್ಲ ಕಡೆ ಒಟ್ಟಿಗೆ ನಿಂತರೆ ತೊಂದರೆ ಹೊರಗಿನ ಛೇಂಬರಿನಲ್ಲಿ ಅಥವಾ ಗುಂಡಿಯಲ್ಲಿ. ಮೊದಲನೆಯದು ನಮ್ಮ ಕೈಯ ಕೆಲಸ. ಎರಡನೆಯದರ ಮಾತು ಬೇರೆ, ಮುಂದೆ ಹೇಳುತ್ತೇನೆ.

ಜಾಲಿ ಎತ್ತಿ, ಬಟ್ಟಲು ತೆಗೆಯಿರಿ. ಕೈಗೆ ರಬ್ಬರ್ ಗ್ಲೌಸ್, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಸುತ್ತಿ, ಸಿಕ್ಕಿದ ಕೂದಲನ್ನೆಲ್ಲ ಎಳೆದು ಹಳೆ ಪೇಪರಿನಲ್ಲಿ ಹಾಕಿ. ನೂರಕ್ಕೆ ಅರುವತ್ತು ಎಪ್ಪತ್ತು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಇದು ನನ್ನ ಅಂದಾಜು, ಆದರೆ ಬೇಕಾದಷ್ಟು ಬಚ್ಚಲು ನೋಡಿದವನ ಅಂದಾಜು. ಮುಗಿಯದಿದ್ದರೆ ಕೊಕ್ಕೆ ಬಗ್ಗಿಸಿದ ತಂತಿ ಇಳಿಸಿ. ಪೇಟೆಯಲ್ಲಿ ದುಡ್ಡು ಕೊಟ್ಟು ಸ್ಪ್ರಿಂಗ್ ತಂತಿ ತರಬೇಕೆಂದಿಲ್ಲ, ಸೈಕಲ್ ಅಂಗಡಿಯಲ್ಲಿ ಬಿಸಾಡುವ ಹಳೆ ಬ್ರೇಕ್ ವೈರ್ ತಂದು ಒಂದು ತುದಿಯ ಎಳೆ ಬಿಚ್ಚಿ ಕೆದರಿಸಿ. ಪೈಪಿನೊಳಗೆ ತುರುಕಿ ಒಂದೇ ದಿಕ್ಕಿಗೆ ತಿರುವುತ್ತಾ ಎಳೆದರೆ ಕೂದಲು ನೂಲು ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತದೆ. ಅಡಕೆ ಸಲಾಕೆ, ಹಿಡಿಸೂಡಿಯ ಕಡ್ಡಿ ಇಳಿಸುವವರಿದ್ದಾರೆ. ಬೇಡ, ಒಳಗೇ ಮುರಿದು ಇನ್ನೊಂದು ಕಟ್ಟಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ರಬ್ಬರ್ ಟೊಪ್ಪಿಯ ಪಂಪು. ಹೆಚ್ಚಿನವರು ಒಣ ನೆಲದಲ್ಲಿ ಇದನ್ನು ಕುಟ್ಟಿ ಕುಟ್ಟಿ "ಉಪಯೋಗವಿಲ್ಲ" ಅಂತ ಬಿಸಾಡುತ್ತಾರೆ. ಟೊಪ್ಪಿ ಮುಳುಗುವಷ್ಟು ನೀರು ಮೇಲೆ ನಿಂತಿರಬೇಕು. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ನಿಮ್ಮ ತೋಳಿನ ಬಲ ನೇರ ಕಟ್ಟಿಗೆ ಹೋಗಿ ಬಡಿಯುತ್ತದೆ. ವಾಷ್ ಬೇಸಿನ್ ಆದರೆ ಮೇಲಿನ ಸಣ್ಣ ತೂತನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಪಕ್ಕದಲ್ಲಿ ಇನ್ನೊಂದು ಜಾಲಿ ಇದ್ದರೆ ಅದನ್ನೂ ಮುಚ್ಚಿ, ಇಲ್ಲದಿದ್ದರೆ ಬಲವೆಲ್ಲ ಅಲ್ಲಿಂದ ಹೊರಗೆ. ಹದಿನೈದಿಪ್ಪತ್ತು ಸಲ ಅದುಮಿ ಎಳೆಯಿರಿ. ಅದುಮುವುದಕ್ಕಿಂತ ಎಳೆಯುವುದು ಮುಖ್ಯ, ಅದುಮಿದರೆ ಕಟ್ಟು ಇನ್ನೂ ಒಳಗೆ ಹೋಗಿ ಕೂರಬಹುದು.

ಆಸಿಡ್ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಬಚ್ಚಲು ಕಟ್ಟಿದರೆ ಆಸಿಡ್ ಬಾಟ್ಲಿ ತರುವುದು ಈಗ ಚಾಳಿಯಾಗಿದೆ. ಕೈ ತಾಗಬಾರದಲ್ಲ! ಕೈ ತಾಗದೆ ಶುದ್ಧಿ ಮಾಡುವುದು ಈ ದೇಶದ ಹಳೆ ರೋಗ. ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಆಸಿಡ್ ಸುರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಗಾಳಿಯನ್ನು. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶ ಸುಡುತ್ತದೆ. ಕಾಸ್ಟಿಕ್ ಸೋಡಾ ಎಣ್ಣೆಯನ್ನೂ ಕೂದಲನ್ನೂ ಕರಗಿಸುವುದು ನಿಜ. ಕಣ್ಣಿಗೆ ಹಾರಿದರೆ ಕಣ್ಣನ್ನೂ ಬಿಡುವುದಿಲ್ಲ. ಆಸಿಡ್ ಸುರಿದು ನೀರು ಇಳಿಯದೆ ಹೋದರೆ, ಆಮೇಲೆ ಏನೂ ಹೇಳದೆ ಕರೆಸುವ ಆ 'ಯಾರಾದ್ರೂ' ಕೈ ಹಾಕುವುದು ಅದೇ ಆಸಿಡ್ ನೀರಿಗೆ. ಯೋಚನೆ ಮಾಡಿ. ಬಂಟ್ವಾಳ ಪೇಟೆಯಲ್ಲಿ ತೋಡಿಗೆ ಬಿಟ್ಟದ್ದೆಲ್ಲ ನೇತ್ರಾವತಿಗೆ ಹೋಗುತ್ತದೆ. ಅದರ ಕೆಳಗೇ ತುಂಬೆಯ ಅಣೆಕಟ್ಟು, ಅಲ್ಲಿಂದ ಮಂಗಳೂರಿಗೆ ಕುಡಿಯುವ ನೀರು. ಅಡಿಗೆ ಸೋಡಾಕ್ಕೆ ವಿನೆಗರ್ ಹಾಕಿದರೆ ನೊರೆ ಉಕ್ಕಿ ನೋಡಲು ಚಂದ, ಕೂದಲಿನ ಮುದ್ದೆಗೆ ಅದರಿಂದ ಏನೂ ಆಗುವುದಿಲ್ಲ. ಬಿಸಿ ನೀರು ಎಣ್ಣೆಯನ್ನು ಕರಗಿಸುತ್ತದೆ, ಆದರೆ ಕುದಿಯುವ ನೀರು ಬೇಡ, ಪಿ.ವಿ.ಸಿ. ಪೈಪು ಮೆತ್ತಗಾಗುತ್ತದೆ. ಕೈ ಸಹಿಸುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಸಾಕು.

ಇಷ್ಟೇ ವಿದ್ಯೆ. ಇದಕ್ಕೆ ಗುರುಕುಲ ಬೇಡ, ಕುಲವೂ ಬೇಡ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಇಲ್ಲಿ ನಮ್ಮ ಹುಡುಗರು ಬಹಳ ಎಚ್ಚರವಾಗಿರಬೇಕು. ಬಚ್ಚಲ ಬಟ್ಟಲಿಗೆ ಕೈ ಹಾಕುವುದು ಬೇರೆ, ಗುಂಡಿಗೆ ಇಳಿಯುವುದು ಬೇರೆ. ಇವೆರಡನ್ನು ಒಂದೇ ಎನ್ನುವವನು ಒಂದೋ ದಡ್ಡ, ಇಲ್ಲವೆ ಕಳ್ಳ. ಮಲದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಗಾಳಿ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗೇ ಸತ್ತುಹೋಗಿ ನಾತ ಗೊತ್ತಾಗುವುದಿಲ್ಲ, ನಾತ ಇಲ್ಲ ಅಂತ ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಅವನ ಮೇಲೇ ಬೀಳುತ್ತಾನೆ. ಪೇಪರಿನಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಬರುವುದು ಇದರಿಂದ. ಮುಚ್ಚಳ ತೆಗೆದು ತಲೆ ಬಗ್ಗಿಸಿ ನೋಡುವುದೂ ಬೇಡ. ಬಂಟ್ವಾಳದಲ್ಲಿ ಪುರಸಭೆ ಇದೆ, ಮೂಡುಬಿದಿರೆಯಲ್ಲಿ ಪುರಸಭೆ ಇದೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತ್ ಇದೆ. ಹೀರುವ ಯಂತ್ರದ ಗಾಡಿ ತರಿಸುವುದು ಅವರ ಹೊಣೆ, ಕಟ್ಟಡದ ಮಾಲಿಕನ ಹೊಣೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಮೋಸ ಉಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ. ಜುಲೈ ಬಂತೆಂದರೆ ಮುರಕಲ್ಲಿನ ನೆಲ ನೀರು ಕುಡಿದು ತುಂಬಿಕೊಂಡು ಇಂಗುಗುಂಡಿಯೇ ಕೆರೆಯಾಗಿರುತ್ತದೆ. ಆಗ ಬಚ್ಚಲ ನೀರು ನಿಧಾನ ಹೋಗುವುದು ಕಟ್ಟಿನಿಂದ ಅಲ್ಲ, ಹೋಗಲು ಜಾಗ ಇಲ್ಲದ್ದರಿಂದ. ಎಷ್ಟು ತಂತಿ ಹಾಕಿದರೂ ಪ್ರಯೋಜನವಿಲ್ಲ. ಆ ಹೊತ್ತಿಗೇ ಮಾಲಿಕನಿಗೆ ಕಾಲೊನಿಯ ನೆನಪಾಗುವುದು: "ಒಮ್ಮೆ ಇಳಿದು ನೋಡು ಮಾರಾಯ, ಐನೂರು ಕೊಡುವ." ಇಳಿಯಬೇಡಿ. ನಿಮ್ಮಪ್ಪನನ್ನೂ ಇಳಿಯಲು ಬಿಡಬೇಡಿ. ಮಳೆ ಬಿಟ್ಟ ಮೇಲೆ ದೊಡ್ಡ ಗುಂಡಿ ತೆಗೆಸಲಿ, ಎರಡು ಗುಂಡಿ ಮಾಡಿಸಲಿ, ದುಡ್ಡು ಅವನದು.

ಕಾನೂನು ಏನು ಹೇಳುತ್ತದೆ ಅಂತ ಬಾಯಿಪಾಠ ಮಾಡಿ. ನಮ್ಮ ರಾಜ್ಯದಲ್ಲಿ ತಲೆಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ, ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೂ ಗಟ್ಟಿಯಾದದ್ದು ಬಂತು. ಅದರ 7ನೇ ಕಲಮಿನ ಪ್ರಕಾರ ಚರಂಡಿ, ಮಲದ ಗುಂಡಿಗೆ ಜನರನ್ನು ರಕ್ಷಣೆಯಿಲ್ಲದೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಬೇಕು ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಜೀವಕ್ಕೆ ಮೂವತ್ತು ಲಕ್ಷ! ಒಂದು ಹೀರುವ ಗಾಡಿ ಬಾಡಿಗೆಗೆ ಎಷ್ಟು ಸಾವಿರ ಆಗುತ್ತಿತ್ತು?

ಕಾನೂನು ಇದ್ದೂ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ, ಇರುವ ಜಾಗದಿಂದ ಎಬ್ಬಿಸಲು ಹೊರಟಾಗ, ಭಂಗಿ ಬಂಧುಗಳು ಪುರಸಭೆಯ ಎದುರು ಮಲವನ್ನು ತಮ್ಮ ಮೈಮೇಲೇ ಸುರಿದುಕೊಂಡರು. ಅಲ್ಲಿಯವರೆಗೆ ಅವರ ತಲೆಮೇಲಿದ್ದದ್ದು ಯಾರ ಕಣ್ಣಿಗೂ ಕಂಡಿರಲಿಲ್ಲ. ಹಾಸ್ಟೆಲ್ ಹುಡುಗರೇ, ನಿಮಗೆ ಇನ್ನೂ ಹತ್ತಿರದ್ದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಸಂಗತಿ. ಓದಲು ಬಂದ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು 2023ರ ಡಿಸೆಂಬರಿನಲ್ಲಿ ಬಯಲಾಯಿತು. ಪ್ರಾಂಶುಪಾಲರನ್ನೂ ಶಿಕ್ಷಕರೊಬ್ಬರನ್ನೂ ಬಂಧಿಸಿದರು. ಐವತ್ತು ವರ್ಷದ ಹಿಂದಿನ ಮಾತಲ್ಲ ಇದು. ಮೊಬೈಲು, ಇಂಟರ್ನೆಟ್ಟು ಎಲ್ಲ ಬಂದ ಮೇಲಿನ ಮಾತು.

ಈ ಸುದ್ದಿ ಓದಿದ ಹುಡುಗ "ಇನ್ನು ನಾನು ಜಾಲಿಯನ್ನೂ ಮುಟ್ಟುವುದಿಲ್ಲ" ಅಂದರೆ ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನ ಅಜ್ಜ ಊರ ಕೊಳೆಯನ್ನೆಲ್ಲ ಹೊತ್ತಿದ್ದಾನೆ. ಅಪ್ಪ ಹೊತ್ತಿದ್ದಾನೆ. ಮಗ ಪುಸ್ತಕ ಹೊತ್ತು ಬಂದಿದ್ದಾನೆ. "ಮತ್ತೆ ನನ್ನ ಕೈಗೇ ತಂತಿ ಕೊಡ್ತೀರಲ್ಲ" ಅಂತ ಅವನು ಕೇಳಿದರೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಕೊಳೆ ತೆಗೆಯುವುದು ದೇವರ ಸೇವೆ, ಪುಣ್ಯದ ಕೆಲಸ ಅಂತ ನಮಗೆ ಹೇಳಿಕೊಟ್ಟವರು ಬಹಳ ಮಂದಿ. ಅಷ್ಟು ಪುಣ್ಯದ್ದಾದರೆ ಅದಕ್ಕೆ ಇಷ್ಟರಲ್ಲಿ ಮೇಲ್ಜಾತಿಯವರ ಕ್ಯೂ ನಿಲ್ಲಬೇಕಿತ್ತಲ್ಲ? ಅಂಬೇಡ್ಕರ್ ಈ ಪುಣ್ಯದ ಮಾತಿನ ಮೋಸವನ್ನು ಗಾಂಧಿಯವರ ಎದುರಿಗೇ ಬಿಡಿಸಿ ಇಟ್ಟಿದ್ದಾರೆ. ಆದ್ದರಿಂದ ನಾನು ಪುಣ್ಯದ ಮಾತು ಎತ್ತುವುದಿಲ್ಲ.

ನಾನು ಹೇಳುವುದು ಲೆಕ್ಕದ ಮಾತು. ನೀನು ನಾಳೆ ನೌಕರಿ ಹಿಡಿದು ಬಿ.ಸಿ. ರೋಡಿನಲ್ಲೋ ಮಂಗಳೂರಿನಲ್ಲೋ ಮನೆ ಮಾಡುತ್ತೀ. ನಿನ್ನ ಬಚ್ಚಲು ಕಟ್ಟುತ್ತದೆ. ಆಗ ನೀನೂ "ಯಾರನ್ನಾದ್ರೂ ಕರೀರಿ" ಅಂತೀಯಾ? ಬರುವವನು ಯಾರು? ನಿನ್ನ ಚಿಕ್ಕಪ್ಪನೇ ಬರಬಹುದು. ಅವನಿಗೂ ಹಿಂದಿನ ಬಾಗಿಲು ತೋರಿಸುತ್ತೀಯಾ? ಬೇರೆಯವರ ಬಚ್ಚಲಿಗೆ ಜಾತಿಯ ಕಾರಣಕ್ಕೆ ಕೈ ಹಾಕುವುದಿಲ್ಲ ಅನ್ನು, ನಾವೆಲ್ಲ ನಿನ್ನ ಹಿಂದೆ ನಿಲ್ಲುತ್ತೇವೆ. ನಿನ್ನ ಕೂದಲನ್ನು ನೀನು ತೆಗೆ.

ಇನ್ನೊಂದು ಕಹಿ ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲೂ ಒಬ್ಬಳು 'ಯಾರಾದ್ರೂ' ಇದ್ದಾಳೆ. ಅಮ್ಮ. ಇಲ್ಲದಿದ್ದರೆ ತಂಗಿ. ಸಭೆಯಲ್ಲಿ ಮೈಕು ಹಿಡಿದು ಸಮಾನತೆ ಎಂದು ಗಂಟಲು ಹರಿದುಕೊಂಡ ಅಣ್ಣ ಮನೆಗೆ ಬಂದು ಮಿಂದು, ನಿಂತ ನೀರನ್ನು ದಾಟಿ, "ಅಮ್ಮಾ, ನೀರು ಹೋಗ್ತಾ ಇಲ್ಲ" ಅಂತ ಕೂಗಿ ಊಟಕ್ಕೆ ಕೂರುತ್ತಾನೆ. ಬೀಡಿ ಕಟ್ಟಿ ಸೊಂಟ ಬಿದ್ದ ಆ ಅಮ್ಮ ಬಗ್ಗಿ ಜಾಲಿ ಎತ್ತುತ್ತಾಳೆ. ಹುಡುಗಿಯರ ಉದ್ದ ಕೂದಲಿನಿಂದಲೇ ಕಟ್ಟುವುದು ಅಂತ ವಾದ ಬೇರೆ. ಮಾರಾಯ, ಶಾಂಪೂ ಪ್ಯಾಕೇಟಿನ ಮೂಲೆ ಯಾರದು? ಸೋಪಿನ ಸವಕಲು ಯಾರದು?

ಹಾಸ್ಟೆಲ್ಲಿನ ವಿಷಯ. ಈ ಮೂರು ಊರುಗಳ ಸುತ್ತಮುತ್ತ ಸರಕಾರದ್ದು, ಖಾಸಗಿ, ಬಾಡಿಗೆ ರೂಮು ಅಂತ ಸಾವಿರಾರು ಮಕ್ಕಳು ಓದುತ್ತಿದ್ದೀರಿ. ಎಲ್ಲ ಜಾತಿಯ ಹುಡುಗರಿದ್ದ ಒಂದು ಕಡೆ, ಹೆಸರು ಬೇಡ, ಬಚ್ಚಲು ಕಟ್ಟಿದಾಗಲೆಲ್ಲ ಕರೆಯುತ್ತಿದ್ದುದು ಇಬ್ಬರನ್ನೇ. "ಅವರು ಚುರುಕು ಉಂಟು" ಅಂತ ಕಾರಣ. ಪಾಠದಲ್ಲಿ ಚುರುಕು ಅಂತ ಆ ಇಬ್ಬರನ್ನು ಯಾರೂ ಒಂದು ದಿನ ಹೊಗಳಿರಲಿಲ್ಲ. ಇಂಥದ್ದು ಕಂಡರೆ ಸುಮ್ಮನಿರಬೇಡಿ. ತಾರೀಕು, ಹೊತ್ತು, ಯಾರು ಹೇಳಿದರು, ಯಾರನ್ನು ಕರೆದರು ಎಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಇಬ್ಬರು ಸಹಿ ಹಾಕಿ. ಮಲ ಬಾಚಿಸಿದ್ದಾದರೆ ಅದು ದೌರ್ಜನ್ಯ ತಡೆ ಕಾಯ್ದೆಗೇ ಬರುತ್ತದೆ, 2015ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕಕ್ಕಸು, ಛೇಂಬರು, ಗುಂಡಿ ಇವು ಓದುವ ಮಕ್ಕಳ ಕೆಲಸ ಅಲ್ಲವೇ ಅಲ್ಲ, ಸರದಿಯ ಪಟ್ಟಿಯಲ್ಲಿ ಅವುಗಳ ಹೆಸರು ಬರೆಯಲೂ ಬಿಡಬೇಡಿ.

ಸ್ನಾನದ ಬಚ್ಚಲಿನ ಜಾಲಿಗೆ ಮಾತ್ರ ಸರದಿ ಮಾಡಿ. ರೂಮಿನ ನಂಬರಿನ ಪ್ರಕಾರ, ವಾರಕ್ಕೆ ಒಂದು ರೂಮು, ಒಬ್ಬರನ್ನೂ ಬಿಡದೆ. ಲೀಡರಿನ ರೂಮು ಮೊದಲು ಬರಲಿ. ಅಮ್ಮ ಬಂದು ಬಟ್ಟೆ ಒಗೆದುಕೊಡುವ ಶ್ರೀಮಂತ ಹುಡುಗನೂ ಬರಲಿ, ಜನಿವಾರದವನೂ ಬರಲಿ, ನಮ್ಮವನೂ ಬರಲಿ. ಅರುವತ್ತು ಜನರ ಕೂದಲನ್ನು ಅರುವತ್ತು ಜನ ತೆಗೆದರೆ ಒಬ್ಬೊಬ್ಬನ ಪಾಲಿಗೆ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ, ಸಲಕ್ಕೆ ಹತ್ತು ನಿಮಿಷ. "ನಮ್ಮ ಮನೆಯಲ್ಲಿ ಅಭ್ಯಾಸ ಇಲ್ಲ" ಅನ್ನುವವನು ಸಿಗುತ್ತಾನೆ. ಅವನನ್ನು ಬಯ್ಯಬೇಡಿ, ಪಕ್ಕದಲ್ಲಿ ನಿಂತು ತಂತಿ ಹೇಗೆ ತಿರುವುವುದು ಅಂತ ಹೇಳಿಕೊಡಿ. ಕೂದಲು ಹೊರಬರುವಾಗ ಅವನ ಮುಖ ನೋಡಿ, ನಗಬೇಡಿ.

ವಾರ್ಡನ್ನರ ಹತ್ತಿರ ಈ ತಿಂಗಳ ಸಭೆಯಲ್ಲಿ ಬರೆಸಬೇಕಾದ ಸಾಮಾನು: ರಬ್ಬರ್ ಟೊಪ್ಪಿಯ ಪಂಪು ಎರಡು, ರಬ್ಬರ್ ಗ್ಲೌಸ್ ನಾಲ್ಕು ಜೋಡಿ, ಪ್ರತಿ ಜಾಲಿಗೆ ಮೇಲಿನಿಂದ ಇಡುವ ಸಣ್ಣ ಕಣ್ಣಿನ ಬಲೆ, ಶಾಂಪೂ ಪ್ಯಾಕೇಟು ಹಾಕಲು ಪ್ರತಿ ಬಚ್ಚಲಲ್ಲಿ ಮೊಳೆಗೆ ತೂಗಿಸಿದ ಡಬ್ಬ. ಬ್ರೇಕ್ ವೈರ್ ನಾವೇ ತರುತ್ತೇವೆ ಅನ್ನಿ. "ಫಂಡ್ ಇಲ್ಲ" ಅಂದರೆ ಕಳೆದ ವರ್ಷ ಆಸಿಡ್ ಬಾಟ್ಲಿಗೆ ಎಷ್ಟು ಖರ್ಚು ಬರೆದಿದ್ದೀರಿ ಅಂತ ರಿಜಿಸ್ಟರ್ ಕೇಳಿ.